ಡಬ್ಬಿ ಹಾಗೆಯೇ ಮರಳಿ ಬರುವ ಬಗ್ಗೆ

ಆಟಿಸಂ ಇರುವ ನಿಮ್ಮ ಏಳು ವರ್ಷದ ಮಗನಿಗೆ ಹಾಲಿನ ಅಲರ್ಜಿಯಿದೆ, ಮನೆಯಲ್ಲಿ ಇಷ್ಟಪಟ್ಟು ತಿನ್ನುವ ದೋಸೆಯನ್ನೂ ಶಾಲೆಯಲ್ಲಿ ಮುಟ್ಟುವುದಿಲ್ಲ, ಏನು ಮಾಡಲಿ ಎಂದು ಕೇಳಿದ್ದೀರಿ. ನನ್ನ ಮಗಳದೂ ಇದೇ ಕಥೆಯಾಗಿತ್ತು. ಬೆಳಿಗ್ಗೆ ಗರಿಗರಿಯಾಗಿದ್ದ ದೋಸೆ ಬಿಸಿಯಾಗಿಯೇ ಮುಚ್ಚಿಟ್ಟ ಡಬ್ಬಿಯಲ್ಲಿ ಬೆವರಿ, ಮಧ್ಯಾಹ್ನಕ್ಕೆ ಚಟ್ನಿ ಹೀರಿಕೊಂಡು ಮೆತ್ತಗಾಗುತ್ತಿತ್ತು. ಅವಳ ಪಾಲಿಗೆ ಅದು ಬೇರೆಯೇ ತಿಂಡಿ ಎಂಬುದು ನನಗೆ ಹೊಳೆಯಲು ಎರಡು ತಿಂಗಳು ಬೇಕಾಯಿತು. ರಜೆಯ ದಿನ ಬೆಳಿಗ್ಗೆ ಎಂಟಕ್ಕೆ ಡಬ್ಬಿ ಕಟ್ಟಿ, ಹನ್ನೆರಡೂವರೆಗೆ ನೀವೇ ತೆರೆದು ತಿಂದು ನೋಡಿ. ನಾವು ಕೊನೆಗೆ ಆರಿದರೂ ಬದಲಾಗದ ಅವಲಕ್ಕಿ ಚೂಡಾ ಮತ್ತು ಚಕ್ಕುಲಿಗೆ ಒಪ್ಪಿಕೊಂಡೆವು (ಅತ್ತೆಯವರು ಇದನ್ನು ಊಟವೆಂದು ಇಂದಿಗೂ ಒಪ್ಪಿಲ್ಲ). ಹೊಸ ತಿನಿಸಿನ ಪ್ರಯೋಗ ಮನೆಯಲ್ಲಿರಲಿ, ಡಬ್ಬಿಯಲ್ಲಿ ಬೇಡ. ಹಾಲಿಲ್ಲದ ಕ್ಯಾಲ್ಸಿಯಂ ಕೊರತೆಗೆ ರಾಗಿ, ಎಳ್ಳು ನೆರವಾಗುತ್ತವೆ. ತೂಕ ಇಳಿಯುತ್ತಿದ್ದರೆ ಮಾತ್ರ ತಡಮಾಡದೆ ಮಕ್ಕಳ ವೈದ್ಯರಿಗೆ ತೋರಿಸಿ.

ಶಾಲೆಗೆ ಬಾಯಿಮಾತಿನಲ್ಲಿ ಹೇಳುವ ಬದಲು ಪತ್ರ ಕೊಡಿ: ಬಲವಂತವಾಗಿ ತಿನ್ನಿಸಬಾರದು, ಗದ್ದಲವಿಲ್ಲದ ಮೂಲೆಯಲ್ಲಿ ಕೂರಲು ಬಿಡಬೇಕು, ಹುಟ್ಟುಹಬ್ಬದ ಚಾಕೊಲೇಟು, ಪೇಡಾ ಕೊಡಬಾರದು. ಶಾಲೆಯವರು ‘ಎಲ್ಲರಂತೆ ಇರಲಿ’ ಎಂದರೆ, ಮಗುವಿನ ಅಗತ್ಯಕ್ಕೆ ತಕ್ಕ ಸೌಲಭ್ಯವನ್ನು ಮಾನ್ಯತೆ ಪಡೆದ ಶಾಲೆಗಳು ಒದಗಿಸಬೇಕೆನ್ನುವ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 16ನೇ ಸೆಕ್ಷನ್ ಅನ್ನು ಅದೇ ಪತ್ರದಲ್ಲಿ ಉಲ್ಲೇಖಿಸಿ.