ಗೋಲು ಬಾರದಿದ್ದರೆ ದೂರುವುದು ಯಾರನ್ನು?

ಪ್ರಶ್ನೆ: ನಮ್ಮ ಕಾಲೇಜು ಫುಟ್‌ಬಾಲ್ ತಂಡ ಆರು ಪಂದ್ಯಗಳಲ್ಲಿ ಎರಡೇ ಗೋಲು ಗಳಿಸಿದೆ. ತಪ್ಪು ಕೋಚ್ ಹೆಣೆದ ತಂತ್ರದ್ದೋ, ಮುಂದೆ ನಿಂತು ಗೋಲು ಹೊಡೆಯಬೇಕಾದ ಫಾರ್ವರ್ಡ್‌ಗಳ ಯೋಗ್ಯತೆಯದೋ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಈ ಪ್ರಶ್ನೆ ತಪ್ಪದೆ ಬರುತ್ತಿರುತ್ತದೆ, ಆದರೆ ಕೇಳಿದವರಲ್ಲಿ ಒಬ್ಬರೂ ಹೊಡೆತಗಳು ಮೈದಾನದ ಯಾವ ಭಾಗದಿಂದ ಬಂದವೆಂದು ತಿಳಿಸಿರುವುದಿಲ್ಲ. ಗೋಲುಗಳನ್ನಷ್ಟೇ ಎಣಿಸಿ ತೀರ್ಪು ಕೊಡುವುದು ನಾಡಿ ಹಿಡಿಯದೆ ಕಷಾಯ ಕೊಟ್ಟಂತೆ. ಮುಂದಿನ ಮೂರು ಪಂದ್ಯಗಳಿಗೆ ಹುಡುಗನೊಬ್ಬನ ಕೈಗೆ ನೋಟ್‌ಬುಕ್ ಕೊಟ್ಟು ಗೆರೆಯಾಚೆ ಕೂರಿಸಿ, ಪ್ರತಿ ಹೊಡೆತ ಎಲ್ಲಿಂದ ಬಂತು, ಅಡ್ಡ ಎಷ್ಟು ಜನರಿದ್ದರು, ಚೆಂಡು ಕೊಟ್ಟವರು ಯಾರು ಎಂದು ಬರೆಸಿ. ಎದುರಿಗೆ ಗೋಲ್‌ಕೀಪರ್ ಒಬ್ಬನೇ ಇರುವ 11 ಮೀಟರ್ ದೂರದ ಪೆನಾಲ್ಟಿಯನ್ನೇ ವೃತ್ತಿಪರರು ಸುಮಾರು ನಾಲ್ಕಕ್ಕೊಂದರಂತೆ ಕಳೆದುಕೊಳ್ಳುತ್ತಾರೆ. ಹೀಗಿರುವಾಗ ನಿಮ್ಮವರ ಹೊಡೆತಗಳೆಲ್ಲ 25 ಮೀಟರ್‌ನಿಂದಲೇ ಬರುತ್ತಿದ್ದರೆ ಅದಕ್ಕೆ ಮೊದಲು ಉತ್ತರಿಸಬೇಕಾದವರು ಕೋಚ್. ಪೆನಾಲ್ಟಿ ಪ್ರದೇಶದೊಳಗೆ, ಅಂದರೆ ಗೋಲಿನ ಮುಂದೆ ಗೆರೆ ಹಾಕಿದ ಆಯತದಲ್ಲಿ, ಅಡ್ಡಿಯಿಲ್ಲದೆ ಸಿಕ್ಕ ಚೆಂಡನ್ನೂ ಮತ್ತೆ ಮತ್ತೆ ಆಚೆಗೆ ಒದೆಯುತ್ತಿದ್ದರೆ ಮಾತ್ರ ಆಟಗಾರರ ಕಾಲನ್ನು ಅನುಮಾನಿಸಬಹುದು, ಅದೂ ಅಂತಹ ಹತ್ತು ಹನ್ನೆರಡು ಅವಕಾಶಗಳನ್ನು ನೋಡಿದ ಮೇಲೆ.

ನಾನೇ ಒಮ್ಮೆ ಎಡವಿದ್ದೇನೆ. ಇಲ್ಲಿನ ಜಿಲ್ಲಾ ಕ್ರೀಡಾಂಗಣದಲ್ಲಿ ನಡೆದ ಪಂದ್ಯಾವಳಿಯೊಂದರಲ್ಲಿ, ಗೋಲು ಹೊಡೆಯುತ್ತಿಲ್ಲವೆಂದು ಸ್ಟ್ರೈಕರ್‌ನನ್ನು ಹೊರಗೆ ಕೂರಿಸಿದೆ. ಆಮೇಲೆ ನೋಟ್‌ಬುಕ್ ತೆರೆದರೆ, ಎರಡು ಪಂದ್ಯಗಳಲ್ಲಿ ಪೆನಾಲ್ಟಿ ಪ್ರದೇಶದೊಳಗೆ ಅವನಿಗೆ ಚೆಂಡು ಸಿಕ್ಕಿದ್ದು ಮೂರೇ ಸಲ. ಬಲಗಾಲಿನ ಇನ್ನೊಬ್ಬ ಹುಡುಗನನ್ನು ಎಡ ಅಂಚಿನಲ್ಲಿ ಆಡಿಸಿದ್ದವನು ನಾನು. ಅವನು ಪ್ರತಿ ಸಲವೂ ಚೆಂಡನ್ನು ಬಲಗಾಲಿಗೆ ಎಳೆದುಕೊಂಡು ಒಳಗೆ ತಿರುಗುತ್ತಿದ್ದ, ಹಿಂದಿನ ಡಿಫೆಂಡರ್ ಅಂಚಿನ ಖಾಲಿ ಜಾಗಕ್ಕೆ ಓಡಿ ಬರುತ್ತಿರಲಿಲ್ಲ, ಹಾಗಾಗಿ ಎಡಗಡೆಯಿಂದ ಗೋಲಿನ ಮುಂದಕ್ಕೆ ಒಂದು ಕ್ರಾಸ್ ಕೂಡ ಬರಲಿಲ್ಲ.

ಬೆಂಗಳೂರು ಎಫ್‌ಸಿಯ ಉದಾಹರಣೆ ಕೊಡುವವರು ಅರ್ಧ ಕತೆಯನ್ನಷ್ಟೇ ಹೇಳುತ್ತಾರೆ. 2023-24ರ ಐಎಸ್‌ಎಲ್‌ನಲ್ಲಿ (ಇಂಡಿಯನ್ ಸೂಪರ್ ಲೀಗ್) 10ನೇ ಸ್ಥಾನಕ್ಕಿಳಿದ ತಂಡ ಮರುವರ್ಷ ಫೈನಲ್ ಮುಟ್ಟಿದ್ದು ಕೋಚ್ ಜೆರಾರ್ಡ್ ಸರಗೋಸಾ ಅವರ ತಂತ್ರದಿಂದ ಎನ್ನುತ್ತಾರೆ. ಆದರೆ ಅವರು 2023ರ ಡಿಸೆಂಬರ್‌ನಲ್ಲೇ ಬಂದಿದ್ದರು, ಸೋತ ಋತುವಿನ ಉತ್ತರಾರ್ಧವೂ ಅವರದೇ. ಎರಡು ಋತುಗಳ ನಡುವೆ ಪೆರೇರಾ ಡಿಯಾಸ್, ನೊಗೇರಾ, ಮೆಂಡೆಸ್ ಎಂಬ ಹೊಸ ಆಟಗಾರರು ಸೇರಿದರು. ಹಾಗೆಂದು ಎಲ್ಲವೂ ಹೊಸಬರ ಕೃಪೆ ಎನ್ನಲೂ ಆಗದು, ಏಕೆಂದರೆ ಫೈನಲ್ ಮುಟ್ಟಿದ ಋತುವಿನಲ್ಲಿ 14 ಗೋಲು ಹೊಡೆದ ಸುನಿಲ್ ಛೆಟ್ರಿ ಹಳಬರೇ, ಆಗ ವಯಸ್ಸು 40. ಚೆಂಡು ತಲುಪಿಸುವ ಕಾಲುಗಳೂ ತಲುಪಿಸುವ ದಾರಿಯೂ ಒಟ್ಟಿಗೆ ಬದಲಾದಾಗ ಶ್ರೇಯಸ್ಸನ್ನು ತಕ್ಕಡಿಯಲ್ಲಿಟ್ಟು ಹಂಚಲಾಗದು. ನಿಮ್ಮಲ್ಲಿ ಕೋಚ್ ಮತ್ತು ಸ್ಟ್ರೈಕರ್ ಇಬ್ಬರನ್ನೂ ಒಂದೇ ವಾರ ಬದಲಿಸುವ ಯೋಚನೆಯಿದ್ದರೆ, ದಯವಿಟ್ಟು ಬೇಡ.

ಪ್ರಶ್ನೆ: ಆಟಗಾರರನ್ನು ಹಿಂದೆ, ನಡುವೆ, ಮುಂದೆ ನಿಲ್ಲಿಸುವಾಗ 4-3-3 ಒಳ್ಳೆಯದೋ, 4-4-2 ಒಳ್ಳೆಯದೋ?

ಉತ್ತರ: ಹನ್ನೊಂದು ಜನ ಯಾರೆಂದು ತಿಳಿಸದೆ ಇದನ್ನು ಕೇಳಬೇಡಿ.

ಪ್ರಶ್ನೆ: ಹೊಡೆತಕ್ಕೆ ಬಲ ಬರಲೆಂದು ಕಣಕಾಲಿಗೆ ಮರಳಿನ ಚೀಲ ಕಟ್ಟಿ ಚೆಂಡು ಒದೆಯಲು ಶಿಬಿರವೊಂದರಲ್ಲಿ ಹೇಳಿಕೊಟ್ಟರು. ಮುಂದುವರಿಸಲೇ? – ಚಿತ್ರದುರ್ಗ

ಉತ್ತರ: ಇಂದೇ ಬಿಚ್ಚಿಡಿ. ವೇಗವಾಗಿ ಬೀಸುವ ಕಾಲಿನ ತುದಿಗೆ ತೂಕ ಕಟ್ಟಿದರೆ ಎಳೆತವೆಲ್ಲ ಮೊಣಕಾಲು, ಸೊಂಟದ ಕೀಲುಗಳ ಮೇಲೆ ಬೀಳುತ್ತದೆ. ಈಗಾಗಲೇ ನೋವಿದ್ದರೆ ಮೂಳೆ ತಜ್ಞರಿಗೆ ತೋರಿಸಿ, ಆ ಶಿಬಿರದವರಿಗಲ್ಲ.