ಚಿಕ್ಕ ಪೀಪಾಯಿ ಹೊಸತು, ದೊಡ್ಡ ಪೀಪಾಯಿ ಹಳತಾ?

ಕಳೆದ ಸಂಚಿಕೆಯಲ್ಲಿ ಸುಮ್ನೆ ಒಂದು ಸಾಲು ಬರೆದಿದ್ದೆ: "ನನಗೆ ಹಳೇ ಶೈಲಿಯ ಬರೋಲೋ ಇಷ್ಟ." (ಬರೋಲೋ ಅಂದರೆ ಇಟಲಿಯ ಒಂದು ಕೆಂಪು ವೈನ್.) ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಅದರ ಮೇಲೆಯೇ. ಹಳೇದು ಅಂದರೆ ಯಾವುದು, ಹೊಸದು ಅಂದರೆ ಯಾವುದು, ಯಾಕೆ ಇಷ್ಟ, ಯಾಕೆ ಇಷ್ಟವಿಲ್ಲ. ಬಾಯಿ ಬಿಟ್ಟ ಮೇಲೆ ಉತ್ತರ ಕೊಡಲೇಬೇಕಲ್ವಾ? ಐದು ಪತ್ರ ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೇ ಅರ್ಧ ಜಾಗ ಹೋಗುತ್ತದೆ, ಉಳಿದವರು ಬೇಸರ ಮಾಡಿಕೊಳ್ಳಬೇಡಿ.

ಪ್ರಶ್ನೆ: ಮೇಡಂ, ಒಂದೇ ವರ್ಷದ ಎರಡು ಬರೋಲೋ ಪಕ್ಕಪಕ್ಕ ಇಟ್ಟು ರುಚಿ ನೋಡಿದೆವು. ಲಾ ಮೊರ್ರಾ ಹಳ್ಳಿಯದರ ಬಣ್ಣ ಗಾಢ, ವೆನಿಲಾ ಪರಿಮಳ, ಬಾಯಲ್ಲಿ ನುಣುಪು. ಸೆರ್ರಲುಂಗಾ ಹಳ್ಳಿಯದು ತಿಳಿ ಕೆಂಪು, ಒಗರು ಎಷ್ಟಿತ್ತೆಂದರೆ ನಾಲಿಗೆ ಒಣಗಿಹೋಯಿತು. ದ್ರಾಕ್ಷಿ ಎರಡಕ್ಕೂ ಒಂದೇ. ಹೊಸ ಶೈಲಿ, ಹಳೇ ಶೈಲಿ ಅಂದರೆ ಇದೇನಾ? ಇದರಲ್ಲಿ ಅಸಲಿ ಬರೋಲೋ ಯಾವುದು?

ಉತ್ತರ: ಎರಡೂ ಅಸಲಿಯೇ. ಆದರೆ ನೀವು ಎರಡು ಹೋಲಿಕೆಗಳನ್ನು ಒಂದೇ ಸಲ ಮಾಡಿಬಿಟ್ಟಿದ್ದೀರಿ. ಮೊದಲು ಶೈಲಿಯ ಮಾತು ಮುಗಿಸುತ್ತೇನೆ, ಆಮೇಲೆ ಮಣ್ಣಿಗೆ ಬರುತ್ತೇನೆ.

ಬರೋಲೋ ಆಗುವುದು ನೆಬ್ಬಿಯೋಲೋ ದ್ರಾಕ್ಷಿಯಿಂದ. ವಾಯವ್ಯ ಇಟಲಿಯ ಲಾಂಗೆ ಗುಡ್ಡಗಳಲ್ಲಿ ಅದು ಹಣ್ಣಾಗುವಾಗ ಅಕ್ಟೋಬರ್ ಬಂದಿರುತ್ತದೆ. ಸಿಪ್ಪೆಯಲ್ಲಿ ಬಣ್ಣ ಕಡಿಮೆ, ಒಗರು ಜಾಸ್ತಿ, ಹುಳಿಯೂ ಜಾಸ್ತಿ. ಲೋಟದಲ್ಲಿ ನೋಡಿದರೆ ಸಾಧು ಅನ್ನಿಸುತ್ತದೆ, ಬಾಯಿಗೆ ಹಾಕಿಕೊಂಡ ಮೇಲೆ ಅದರ ನಿಜರೂಪ ಗೊತ್ತಾಗುತ್ತದೆ. ಹಳೇ ಪದ್ಧತಿಯಲ್ಲಿ ರಸವನ್ನು ಸಿಪ್ಪೆಯ ಜೊತೆ ಒಂದು ತಿಂಗಳು, ಕೆಲವರು ಎರಡು ತಿಂಗಳು, ಹಾಗೇ ಬಿಡುತ್ತಿದ್ದರು. ಆಮೇಲೆ 2,500 ಲೀಟರಿಗೂ ದೊಡ್ಡದಾದ ಓಕ್ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಇಡುತ್ತಿದ್ದರು. ಆ ಪೀಪಾಯಿಗಳಿಗೆ ಅಲ್ಲಿ 'ಬೊತ್ತೆ' ಅನ್ನುತ್ತಾರೆ. ಅವು ದಶಕಗಳಷ್ಟು ಹಳೆಯವು, ಮರದ ವಾಸನೆ ಎಂದೋ ಹೋಗಿರುತ್ತದೆ. ವೈನ್ ಅದರೊಳಗೆ ನಿಧಾನವಾಗಿ ಉಸಿರಾಡುತ್ತದೆ ಅಷ್ಟೇ. ಹತ್ತು ವರ್ಷ ಕಾದರೆ ಒಗರು ಪಳಗಿ ಗುಲಾಬಿ, ಡಾಂಬರು, ಒಣ ಎಲೆಯ ಪರಿಮಳ ಬರುತ್ತದೆ. ಡಾಂಬರಾ ಅಂತ ಮೂಗು ಮುರಿಯಬೇಡಿ, ಒಮ್ಮೆ ಮೂಸಿ ನೋಡಿ.

ಕಷ್ಟ ಏನೆಂದರೆ, ಎಲ್ಲರ ನೆಲಮಾಳಿಗೆಯೂ ಚೊಕ್ಕಟವಾಗಿರಲಿಲ್ಲ. ಹಳೇ ಪೀಪಾಯಿ ಸರಿಯಾಗಿ ತೊಳೆಯದಿದ್ದರೆ ವೈನ್ ಕೆಡುತ್ತದೆ. ಸಂಪ್ರದಾಯ ಅಂತ ನಾವು ಇವತ್ತು ಹೊಗಳುವುದರಲ್ಲಿ ಒಂದಷ್ಟು ಬರೀ ಕೊಳಕು ಪೀಪಾಯಿಯೂ ಇತ್ತು. ಇದನ್ನು ಹಳೇ ಶೈಲಿಯ ಅಭಿಮಾನಿಯಾಗಿಯೇ ಹೇಳುತ್ತಿದ್ದೇನೆ.

ಲಾ ಮೊರ್ರಾದ ಯುವ ರೈತ ಎಲಿಯೊ ಅಲ್ತಾರೆ 1976ರಲ್ಲಿ ಫ್ರಾನ್ಸಿನ ಬರ್ಗಂಡಿಗೆ ಹೋದರು. ಅಲ್ಲಿನ ಬೆಳೆಗಾರರು ಚಿಕ್ಕ ಪೀಪಾಯಿಯಲ್ಲಿ ವೈನ್ ಮಾಡಿ ಚೆನ್ನಾಗಿ ಬದುಕುತ್ತಿದ್ದುದನ್ನು ಕಂಡರು. ತಮ್ಮ ಊರಲ್ಲಿ ವೈನ್ ಕೇಳುವವರೇ ಇರಲಿಲ್ಲ. 1983ರಲ್ಲಿ ಮರ ಕುಯ್ಯುವ ಯಂತ್ರ ಹಿಡಿದು ಅಪ್ಪನ ದೊಡ್ಡ ಪೀಪಾಯಿಗಳನ್ನು ತುಂಡು ತುಂಡು ಮಾಡಿದರು. ಅಪ್ಪ ಮಗನಿಗೆ ಆಸ್ತಿಯಲ್ಲಿ ಪಾಲಿಲ್ಲ ಅಂದುಬಿಟ್ಟರು. ಅಪ್ಪ ನೆಟ್ಟ ಆಲದ ಮರ ಅನ್ನುವ ನಮ್ಮ ಗಾದೆ ಓದುವಾಗೆಲ್ಲ ನನಗೆ ಈ ಕಥೆ ನೆನಪಾಗುತ್ತದೆ.

ಅಲ್ತಾರೆ ಮತ್ತು ಗೆಳೆಯರಿಗೆ ಮುಂದೆ 'ಬರೋಲೋ ಬಾಯ್ಸ್' ಅಂತ ಹೆಸರೇ ಬಂತು. ಅವರು ತೋಟದಲ್ಲಿ ಗೊಂಚಲು ಕಡಿಮೆ ಬಿಟ್ಟರು. ಸಿಪ್ಪೆಯ ಜೊತೆ ರಸ ಇಡುವುದನ್ನು ವಾರ, ಹತ್ತು ದಿನಕ್ಕೆ ಇಳಿಸಿದರು. ತಿರುಗುವ ಸ್ಟೀಲ್ ಟ್ಯಾಂಕ್ ತಂದರು, ಅಷ್ಟರಲ್ಲೇ ಬಣ್ಣ ಬಿಡಲಿ ಅಂತ. ಆಮೇಲೆ ಬಾರಿಕ್, ಅಂದರೆ 225 ಲೀಟರಿನ ಹೊಸ ಫ್ರೆಂಚ್ ಓಕ್ ಪೀಪಾಯಿ. ಪೀಪಾಯಿ ಚಿಕ್ಕದಾದಷ್ಟೂ ಪ್ರತಿ ಲೀಟರಿಗೆ ತಾಗುವ ಮರ ಜಾಸ್ತಿ. ಒಳಗೆ ಹೋಗುವ ಗಾಳಿಯೂ ಜಾಸ್ತಿ. ನೀವು ಕಂಡ ವೆನಿಲಾ ಆ ಮರದ್ದು. ಗಾಢ ಬಣ್ಣ ನಿಲ್ಲುವುದಕ್ಕೂ ಬಾಯಲ್ಲಿ ನುಣುಪಾಗುವುದಕ್ಕೂ ಹೊಸ ಮರ ಮತ್ತು ಗಾಳಿ ಸಹಾಯ ಮಾಡುತ್ತವೆ.

ಎದುರು ಪಾಳಯದಲ್ಲಿ ಹಳೇ ಪದ್ಧತಿಯಲ್ಲೇ ಬರೋಲೋ ಮಾಡುತ್ತಿದ್ದ ಬಾರ್ತೊಲೊ ಮಸ್ಕರೆಲ್ಲೊ ಇದ್ದರು. ಅವರು ಕೈಯಾರೆ ಬಿಡಿಸಿದ ಒಂದು ಲೇಬಲ್ ಮೇಲೆ 'ನೋ ಬಾರಿಕ್, ನೋ ಬೆರ್ಲುಸ್ಕೋನಿ' ಅಂತ ಬರೆದಿತ್ತು. ಚಿಕ್ಕ ಪೀಪಾಯಿಯೂ ಬೇಡ, ಆ ರಾಜಕಾರಣಿಯೂ ಬೇಡ! ಪೀಪಾಯಿಯ ಜಗಳ ಎಲ್ಲಿವರೆಗೆ ಹೋಗಿತ್ತು ನೋಡಿ. ಇವತ್ತು ಆ ಬಿಸಿ ಆರಿದೆ. ಹೊಸಬರಲ್ಲಿ ಅನೇಕರು ಹೊಸ ಓಕ್ ಕಡಿಮೆ ಮಾಡಿದ್ದಾರೆ, ಹಳಬರು ಉಷ್ಣಾಂಶ ನೋಡಿಕೊಳ್ಳುವ ಟ್ಯಾಂಕ್ ತಂದಿದ್ದಾರೆ. ನಡುವೆ ನಿಂತವರೇ ಈಗ ಜಾಸ್ತಿ.

ಈಗ ಮಣ್ಣು. ಲಾ ಮೊರ್ರಾ ಕಡೆಯ ಮಣ್ಣಿನಲ್ಲಿ ಬೆಳೆದ ನೆಬ್ಬಿಯೋಲೋ ಸಾಮಾನ್ಯವಾಗಿ ಮೃದು, ಪರಿಮಳ ಮುಂದೆ. ಸೆರ್ರಲುಂಗಾದ ಮಣ್ಣು ಇನ್ನೂ ಹಳೆಯ ಕಾಲದ್ದು, ಅಲ್ಲಿನ ವೈನ್ ಗಡಸು, ನಿಧಾನ. ಹಾಗಾಗಿ ನಿಮ್ಮ ನಾಲಿಗೆ ಒಣಗಿಸಿದ್ದರಲ್ಲಿ ಪೀಪಾಯಿಯ ಪಾಲು ಎಷ್ಟು, ಊರಿನ ಪಾಲು ಎಷ್ಟು ಅಂತ ಆ ಎರಡು ಬಾಟಲಿಯಿಂದ ಹೇಳಲು ಬರುವುದಿಲ್ಲ. ಮುಂದಿನ ಸಲ ಒಂದೇ ಹಳ್ಳಿ, ಒಂದೇ ವರ್ಷ, ಎರಡು ಶೈಲಿ ಇಟ್ಟುಕೊಳ್ಳಿ. ಆಮೇಲೆ ಮತ್ತೆ ಬರೆಯಿರಿ.

ಪ್ರಶ್ನೆ: ನೀವು ಯಾವಾಗಲೂ ವೆನಿಲಾ ಬಂದರೆ ಆಧುನಿಕ ಅನ್ನುತ್ತೀರಿ. ನಾನು ಕುಡಿದ ಸ್ಪೇನಿನ ರಿಯೋಹಾ ಗ್ರಾನ್ ರೆಸೆರ್ವಾದಲ್ಲಿ (ಬಹಳ ವರ್ಷ ಇಟ್ಟು ಮಾಗಿಸಿದ ವೈನ್) ವೆನಿಲಾ, ತೆಂಗಿನಕಾಯಿ ಘಮ್ಮೆನ್ನುತ್ತಿತ್ತು. ಅದನ್ನು ಎಲ್ಲರೂ ಸಾಂಪ್ರದಾಯಿಕ ಅನ್ನುತ್ತಾರೆ. ನಿಮ್ಮ ಲೆಕ್ಕ ತಪ್ಪಲ್ವಾ?

ಉತ್ತರ: ತಪ್ಪು, ಒಪ್ಪಿದೆ. ಬರೋಲೋದ ಲೆಕ್ಕವನ್ನು ಸ್ಪೇನಿಗೆ ಹೊತ್ತುಕೊಂಡು ಹೋದರೆ ಹೀಗೇ ಆಗುವುದು. ಅಲ್ತಾರೆ ಅಪ್ಪನ ಜೊತೆ ಜಗಳವಾಡಿ ತಂದ 225 ಲೀಟರಿನ ಪೀಪಾಯಿ ಇದೆಯಲ್ಲ, ರಿಯೋಹಾದಲ್ಲಿ ಅದೇ ಸಂಪ್ರದಾಯ!

ಅದು ಅಲ್ಲಿಗೆ ಹೇಗೆ ಬಂತು ಅನ್ನುವುದೂ ಚೆನ್ನಾಗಿದೆ. 18ನೇ ಶತಮಾನದ ಕೊನೆಯಲ್ಲಿ ರಿಯೋಹಾದ ಲಬಾಸ್ತಿದಾ ಊರಿನ ಪಾದ್ರಿ ಮಾನುಯೆಲ್ ಕಿಂತಾನೊ ಫ್ರಾನ್ಸಿನ ಬೋರ್ಡೊದ ವಿಧಾನ ಕಲಿತು ಬಂದು ಪೀಪಾಯಿ ಬಳಸಿ ವೈನ್ ಮಾಡಿದರು. ಆಡಳಿತದವರು ಒಪ್ಪಲಿಲ್ಲ. ಎಲ್ಲರ ವೈನಿಗೂ ಒಂದೇ ಬೆಲೆ, ನಿನ್ನದಕ್ಕೆ ಜಾಸ್ತಿ ಕೊಡುವುದಿಲ್ಲ ಅಂದರು. ಪೀಪಾಯಿಯ ಖರ್ಚು ಹುಟ್ಟದೆ ಅದು ಅಲ್ಲಿಗೇ ನಿಂತಿತು. ಅರ್ಧ ಶತಮಾನ ಕಳೆದ ಮೇಲೆ ಫ್ರಾನ್ಸಿನ ತೋಟಗಳಿಗೆ ಮೊದಲು ಬೂದಿ ರೋಗ, ಆಮೇಲೆ ಫಿಲಾಕ್ಸೆರಾ ಕೀಟ ಬಂತು. ಬೋರ್ಡೊದ ವ್ಯಾಪಾರಿಗಳು ವೈನ್ ಹುಡುಕಿಕೊಂಡು ರಿಯೋಹಾಕ್ಕೇ ಬಂದರು. ಹಾರೊ ಊರಿನ ರೈಲು ನಿಲ್ದಾಣದ ಸುತ್ತ ಇವತ್ತಿಗೂ ಹಳೇ ವೈನ್ ಮನೆಗಳು ಗುಂಪಾಗಿ ನಿಂತಿರುವುದು ಅದಕ್ಕೇ. ರೈಲು ಹತ್ತಿಸಿ ಕಳಿಸುವುದು ಸುಲಭ.

ಆಮೇಲೆ ರಿಯೋಹಾದವರು ಫ್ರೆಂಚ್ ಓಕ್ ಬಿಟ್ಟು ಅಮೆರಿಕನ್ ಓಕ್ ಹಿಡಿದರು. ನಿಮ್ಮ ತೆಂಗಿನಕಾಯಿ ವಾಸನೆ ಅದರದೇ. ಹಾರೊದ ಲೋಪೆಸ್ ದೆ ಎರೆದಿಯಾ 1877ರಲ್ಲಿ ಶುರುವಾದ ಮನೆ. ಪೀಪಾಯಿಗಳನ್ನು ಇವತ್ತಿಗೂ ತಾವೇ ಮಾಡಿಕೊಳ್ಳುತ್ತಾರೆ. ಅವರ ತೊಂದೋನಿಯಾ ರೆಸೆರ್ವಾ (ಗ್ರಾನ್ ರೆಸೆರ್ವಾಕ್ಕಿಂತ ಒಂದು ಮೆಟ್ಟಿಲು ಕೆಳಗಿನದು) ಕೆಂಪು ವೈನ್ ಪೀಪಾಯಿಯಲ್ಲೇ ಸುಮಾರು ಆರು ವರ್ಷ ಕಳೆಯುತ್ತದೆ. ರೆಸೆರ್ವಾಕ್ಕೆ ನಿಯಮ ಕೇಳುವುದು ಪೀಪಾಯಿಯಲ್ಲಿ ಒಂದೇ ವರ್ಷ, ನೆನಪಿರಲಿ.

ಹಾಗಾದರೆ ರಿಯೋಹಾದಲ್ಲಿ ಆಧುನಿಕ ಯಾವುದು? 1990ರ ದಶಕದಲ್ಲಿ ಬಂದದ್ದು. ಪೀಪಾಯಿಯಲ್ಲಿ ಕಡಿಮೆ ಕಾಲ, ಮರ ಮಾತ್ರ ಹೊಸ ಫ್ರೆಂಚ್ ಓಕ್, ಹಣ್ಣು ಚೆನ್ನಾಗಿ ಮಾಗಿದ ಮೇಲೆ ಕೊಯ್ಲು, ಒಂದೇ ತೋಟದ ಹೆಸರು. ಬಣ್ಣ ಕಪ್ಪಗೆ, ರುಚಿ ಕರಿ ಹಣ್ಣಿನದು. ಇವರಲ್ಲಿ ಹಲವರು ಲೇಬಲ್ ಮೇಲೆ ರೆಸೆರ್ವಾ, ಗ್ರಾನ್ ರೆಸೆರ್ವಾ ಅಂತ ಹಾಕುವುದೇ ಇಲ್ಲ. ಎಷ್ಟು ವರ್ಷ ಮಲಗಿಸಿದೆವು ಅನ್ನುವುದಕ್ಕಿಂತ ಯಾವ ತೋಟದಿಂದ ತಂದೆವು ಅನ್ನುವುದು ಅವರಿಗೆ ಮುಖ್ಯ. ನನಗೆ ಈ ವಾದ ಸರಿ ಅನ್ನಿಸುತ್ತದೆ, ಆ ವೈನ್‌ಗಳು ಎಲ್ಲವೂ ಇಷ್ಟವಾಗದಿದ್ದರೂ.

ಪೀಪಾಯಿಗಿಂತ ಹಿಂದಿನದೂ ಒಂದಿದೆ. ರಿಯೋಹಾದ ಅಲವೇಸಾ ಭಾಗದ ಬೆಳೆಗಾರರು ಗೊಂಚಲು ಬಿಡಿಸದೆ ಇಡಿಯಾಗಿ ತೊಟ್ಟಿಗೆ ಸುರಿದು, ಕೆಲವೇ ತಿಂಗಳಲ್ಲಿ ಕುಡಿಯುವ ವೈನ್ ಮಾಡುತ್ತಾರೆ. ಗಾಢ ನೇರಳೆ ಬಣ್ಣ, ತಾಜಾ ಹಣ್ಣಿನ ರುಚಿ, ಓಕ್ ಇಲ್ಲವೇ ಇಲ್ಲ. ಹೊಸಬರಿಗೆ ಕೊಟ್ಟರೆ "ಎಷ್ಟು ಮಾಡರ್ನ್ ಆಗಿದೆ" ಅನ್ನುತ್ತಾರೆ. ಅದು ಗ್ರಾನ್ ರೆಸೆರ್ವಾದ ಮುತ್ತಜ್ಜಿ.

ಪ್ರಶ್ನೆ: ಇಟಲಿಯ ಟಸ್ಕನಿ ಪ್ರಾಂತ್ಯದ ಕೆಂಪು ವೈನ್ ಕಿಯಾಂತಿಯಲ್ಲಿ ಬಿಳಿ ದ್ರಾಕ್ಷಿ ಬೆರೆಸುವುದು ನಿಜವಾದ ಸಂಪ್ರದಾಯ, ಸೂಪರ್ ಟಸ್ಕನ್‌ನವರು (ನಿಯಮ ಬದಿಗಿಟ್ಟು ತಮ್ಮದೇ ರೀತಿಯಲ್ಲಿ ವೈನ್ ಮಾಡಿದ ಅಲ್ಲಿನವರು) ಬಂದು ಅದನ್ನು ಕೆಡಿಸಿದರು ಎಂದು ಒಬ್ಬರು ವಾದಿಸಿದರು. ಹೌದಾ?

ಉತ್ತರ: ಅರ್ಧ ಹೌದು. ಕಿಯಾಂತಿಯ ಜಮೀನ್ದಾರ ಬಾರೊನ್ ಬೆತ್ತಿನೊ ರಿಕಾಸೊಲಿ 1872ರ ಪತ್ರದಲ್ಲಿ ತಮ್ಮ ಪಾಕ ಬರೆದಿಟ್ಟರು: ಮುಖ್ಯವಾಗಿ ಸಾಂಜೊವೇಸೆ, ಸ್ವಲ್ಪ ಕನಯೋಲೊ, ಎರಡೂ ಕೆಂಪು ವೈನಿನ ದ್ರಾಕ್ಷಿ. ಬಿಳಿ ಮಲ್ವಸಿಯಾ ಬೇಗ ಕುಡಿಯುವ ವೈನಿಗೆ ಸರಿ, ಬಹಳ ವರ್ಷ ಇಡುವುದಕ್ಕೆ ಬೇಡ. ಆ ಎರಡನೇ ಮಾತನ್ನು ಮುಂದಿನವರು ಮರೆತರು. 1967ರ ನಿಯಮದಲ್ಲಿ ಶೇ. 10ರಿಂದ 30ರಷ್ಟು ಬಿಳಿ ದ್ರಾಕ್ಷಿ ಕಡ್ಡಾಯವಾಯಿತು. ಬಿಳಿ ದ್ರಾಕ್ಷಿಯ ಇಳುವರಿ ಜಾಸ್ತಿ, ಬೆಳೆಗಾರರಿಗೆ ಬೇಸರವೇನೂ ಇರಲಿಲ್ಲ. ವೈನ್ ಮಾತ್ರ ತೆಳ್ಳಗಾಯಿತು. ತಿಗ್ನಾನೆಲ್ಲೊ ಅನ್ನುವ ಸೂಪರ್ ಟಸ್ಕನ್ ವೈನಿನ 1971ರ ಆವೃತ್ತಿಯಲ್ಲಿ ಸಾಂಜೊವೇಸೆಯನ್ನು ಚಿಕ್ಕ ಪೀಪಾಯಿಗೆ ಹಾಕಿದರು, 1975ರ ಹೊತ್ತಿಗೆ ಬಿಳಿ ದ್ರಾಕ್ಷಿ ಕೈಬಿಟ್ಟರು. ನಿಯಮ ಮುರಿದಿದ್ದಕ್ಕೆ ಅದನ್ನು ಬರೀ 'ಟೇಬಲ್ ವೈನ್' ಅಂತಲೇ ಮಾರಬೇಕಾಯಿತು. 2006ರಿಂದ ಕಿಯಾಂತಿ ಕ್ಲಾಸಿಕೊದಲ್ಲಿ, ಅಂದರೆ ಕಿಯಾಂತಿಯ ಹಳೇ ಮೂಲ ಸೀಮೆಯ ವೈನಿನಲ್ಲಿ, ಬಿಳಿ ದ್ರಾಕ್ಷಿ ಬೆರೆಸುವುದೇ ನಿಷಿದ್ಧ! ಹಾಗಾಗಿ ಕೆಡಿಸಿದರು ಅನ್ನುವ ನಿಮ್ಮ ಪರಿಚಯದವರಿಗೆ ರಿಕಾಸೊಲಿಯ ಪತ್ರವನ್ನು ಪೂರ್ತಿ ಓದಲು ಹೇಳಿ.

ಪ್ರಶ್ನೆ: ಆಧುನಿಕ ಅಂದರೆ ಯಂತ್ರ, ಸಾಂಪ್ರದಾಯಿಕ ಅಂದರೆ ಕೈ. ಇಷ್ಟು ಸರಳ ಉತ್ತರ ಸಾಕಲ್ವಾ?

ಉತ್ತರ: ಸಾಲದು. ಪೋರ್ಚುಗಲ್‌ನ ದೌರೊ ಕಣಿವೆಯಲ್ಲಿ ಪೋರ್ಟ್ ವೈನಿಗೆ ದ್ರಾಕ್ಷಿಯನ್ನು ಕಲ್ಲಿನ ತೊಟ್ಟಿಯಲ್ಲಿ ಕಾಲಿನಿಂದ ತುಳಿಯುತ್ತಿದ್ದರು. ಕಾಲು ಮೆತ್ತಗೆ, ಸಿಪ್ಪೆ ಜಜ್ಜುತ್ತದೆ, ಬೀಜ ಒಡೆಯುವುದಿಲ್ಲ. ಬೀಜದ ಕಹಿ ಬೀಜದಲ್ಲೇ ಉಳಿಯುತ್ತದೆ. ತುಳಿಯಲು ಜನ ಸಿಗದಂತಾದಾಗ ಕಾಲಿನಂತೆಯೇ ತುಳಿಯುವ ಯಂತ್ರ ಮಾಡಿದರು. ಅದು ಯಾವ ಕಡೆಗೆ ಸೇರಿತು, ನೀವೇ ಹೇಳಿ.

ಇಟಲಿಯ ಒಸ್ಲಾವಿಯಾದ ಯೋಸ್ಕೊ ಗ್ರಾವ್ನರ್ ಅವರದು ಇನ್ನೂ ಸೊಗಸು. ಸ್ಟೀಲ್ ಟ್ಯಾಂಕ್, ಹೊಸ ಬಾರಿಕ್ ಎಲ್ಲ ಮಾಡಿ ಹೆಸರು ಗಳಿಸಿದವರು. ಯಾಕೋ ಅದರಲ್ಲಿ ಮನಸ್ಸು ನಿಲ್ಲಲಿಲ್ಲ. 2000ದಲ್ಲಿ ಜಾರ್ಜಿಯಾ ದೇಶಕ್ಕೆ ಹೋಗಿ ಕ್ವೆವ್ರಿ ನೋಡಿದರು. ಕ್ವೆವ್ರಿ ಅಂದರೆ ನೆಲದಲ್ಲಿ ಕುತ್ತಿಗೆವರೆಗೆ ಹೂತಿಟ್ಟ ಮಣ್ಣಿನ ದೊಡ್ಡ ಹಂಡೆ. ಕಖೇತಿ ಪ್ರಾಂತ್ಯದಲ್ಲಿ ಬಿಳಿ ದ್ರಾಕ್ಷಿಯ ರಸವನ್ನು ಸಿಪ್ಪೆ, ಬೀಜದ ಸಮೇತ ಅದರೊಳಗೆ ಐದಾರು ತಿಂಗಳು ಮುಚ್ಚಿಡುತ್ತಾರೆ. ಹೊರಬರುವುದು ಜೇನಿನ ಬಣ್ಣದ, ಕೆಂಪು ವೈನಿನಷ್ಟೇ ಒಗರಿನ ವೈನ್. ಗ್ರಾವ್ನರ್ 2001ರಿಂದ ಅದೇ ದಾರಿ ಹಿಡಿದರು. ಆಮೇಲೆ ಆರೆಂಜ್ ವೈನ್ ಅನ್ನುವ ಹೆಸರಲ್ಲಿ ಅದು ಜಗತ್ತಿನ ಹೊಚ್ಚಹೊಸ ಫ್ಯಾಷನ್ ಆಯಿತು. ಜಾರ್ಜಿಯಾದಲ್ಲಿ ವೈನ್ ಮಾಡಿದ ಗುರುತು 8,000 ವರ್ಷ ಹಿಂದಕ್ಕೆ ಹೋಗುತ್ತದೆ!

ಪ್ರಶ್ನೆ: ನಿಮ್ಮ ಮಾತು ಕೇಳಿ ಹಳೇ ಶೈಲಿಯ, ಐದು ವರ್ಷದ ಬರೋಲೋ ತೆರೆದೆ. ಪರಿಮಳವೇ ಇಲ್ಲ. ಬರೀ ಒಗರು, ಹುಳಿ. ಕೆಟ್ಟುಹೋಗಿದೆಯಾ?

ಉತ್ತರ: ಇದನ್ನು ಓದಿ ನನಗೆ ನಗು ಬಂತು. ನಾನೂ ಇದನ್ನೇ ಕೇಳಿದ್ದೆ, ಅದೂ ಎಲ್ಲಿ ಅಂದರೆ ಸೆರ್ರಲುಂಗಾದ ಒಂದು ನೆಲಮಾಳಿಗೆಯಲ್ಲಿ, ವೈನ್ ಮಾಡಿದವರ ಮುಂದೆಯೇ. ಆಗ ನನಗೆ ಎಲ್ಲ ಗೊತ್ತು ಅನ್ನುವ ವಯಸ್ಸು. ಬೆಳಿಗ್ಗೆ ಹತ್ತು ಗಂಟೆ. ಲೋಟ ಮೂಸಿದೆ, ಒಂದು ಗುಟುಕು ಕುಡಿದೆ, "ಇದರಲ್ಲಿ ಏನೋ ದೋಷ ಇದೆ" ಅಂದೆ. ಆ ಮುದುಕರು ಬೈಯಲಿಲ್ಲ. ಲೋಟ ತೆಗೆದುಕೊಂಡು ಹೋಗಿ ಕಿಟಕಿಯ ಪಕ್ಕ ಇಟ್ಟರು, ಬೇರೆ ಪೀಪಾಯಿಗಳನ್ನು ತೋರಿಸುತ್ತಾ ಹೋದರು. ಸಂಜೆ ಹೊರಡುವಾಗ ಅದೇ ಲೋಟ ತಂದು ಕೈಗಿಟ್ಟರು. ಗುಲಾಬಿ! ಒಗರು ಇತ್ತು, ಆದರೆ ಅದರ ಸುತ್ತ ಈಗ ಹಣ್ಣು ಬಂದಿತ್ತು. ನನ್ನ ಮುಖ ನೋಡಿ ಅವರು ಸುಮ್ಮನೆ ತಲೆಯಾಡಿಸಿದರು.

ನಿಮ್ಮದು ಐದು ವರ್ಷದ್ದು, ಎಳೆ ಕೂಸು. ಅಗಲ ಬಾಯಿಯ ಪಾತ್ರೆಗೆ ಸುರಿದು ನಾಲ್ಕೈದು ಗಂಟೆ ಬಿಡಿ. ಒದ್ದೆ ರಟ್ಟಿನ ವಾಸನೆ ಇದ್ದರೆ ಮಾತ್ರ ಕಾರ್ಕ್ ಕೆಟ್ಟಿದೆ ಅಂತ ಅರ್ಥ, ಅದಕ್ಕೆ ಎಷ್ಟು ಕಾದರೂ ಮದ್ದಿಲ್ಲ. ಇಲ್ಲದಿದ್ದರೆ ಸಂಜೆ ಮತ್ತೊಮ್ಮೆ ಮೂಸಿ ನೋಡಿ. ಬಾಟಲಿ ಚೆಲ್ಲಿಲ್ಲ ತಾನೇ?