ಟಿವಿ ಫೋನಿನಲ್ಲಿ ಬರೀ ಚುಕ್ಕಿ ಬರ್ತಿದ್ರೆ

ಆಂಟೆನಾ ಎಳೆದು ಟಿವಿ ನೋಡೋ ಹಳೇ ಮೊಬೈಲ್ ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಳ್ಳಬಹುದಾ ಅಂತ ಕೇಳಿದ್ದೀರಿ. ಆಂಟೆನಾ ಪೂರ್ತಿ ಎಳೆದರೂ ಕೋಲಾರದಲ್ಲಿ ಬರೀ ಚುಕ್ಕಿ, ಸೊರ್ ಅನ್ನೋ ಸದ್ದು ಬರ್ತಿದೆ ಅಂತಾನೂ ಹೇಳಿದ್ದೀರಿ. ಅದು ಫೋನಿನ ದೋಷ ಇರಲಾರದು. ಇಂಥ ಫೋನುಗಳು ಹಿಡಿಯುತ್ತಿದ್ದುದು ದೂರದರ್ಶನದ ಹಳೇ ಅನಲಾಗ್ ಸಿಗ್ನಲ್. ಅದರ ಟ್ರಾನ್ಸ್‌ಮಿಟರ್‌ಗಳನ್ನು 2022ರ ಹೊತ್ತಿಗೆ ದೇಶದಲ್ಲಿ ಬಹುತೇಕ ನಿಲ್ಲಿಸಿದ್ದಾರೆ. ಕೇಬಲ್, ಡಿಶ್ ಚಾನೆಲ್ ಇದರಲ್ಲಿ ಮೊದಲೂ ಬರುತ್ತಿರಲಿಲ್ಲ.

ಸೆಕೆಂಡ್ ಹ್ಯಾಂಡ್ ತಗೊಳ್ಳೋ ಮುಂಚೆ ನಿಮ್ಮ ಸಿಮ್ ಹಾಕಿ ಒಂದು ಕಾಲ್ ಮಾಡಿ. ಮಾಡೆಲ್ ನೀವು ಹೇಳಿಲ್ಲ, ಆದರೆ ಆಂಟೆನಾ ಫೋನುಗಳು ಹೆಚ್ಚಾಗಿ 2ಜಿ. ಅದರಲ್ಲಿ ಜಿಯೋ ಸಿಮ್ ಕೆಲಸ ಮಾಡಲ್ಲ. ಆಮೇಲೆ ಬ್ಯಾಟರಿ ಹೊರಗೆ ತೆಗೆದು ಮೇಜಿನ ಮೇಲಿಟ್ಟು ತಿರುಗಿಸಿ. ಬುಗುರಿ ಥರ ತಿರುಗಿದರೆ ಊದಿಕೊಂಡಿದೆ, ಬೇಡವೇ ಬೇಡ. ಮೆಮೊರಿ ಕಾರ್ಡ್‌ನಿಂದ ಹಾಡು, ಇಯರ್‌ಫೋನ್ ಸಿಕ್ಕಿಸಿ ಎಫ್ಎಂ ಕೇಳಿ. ಎರಡೂ ಚೆನ್ನಾಗಿದ್ದರೆ ಹಾಡಿಗೆ ಅಂತ ತಗೊಳ್ಳಿ, ಟಿವಿ ಇದೆ ಅಂತ ಸುಮ್ನೆ ದುಡ್ಡು ಜಾಸ್ತಿ ಕೊಡಬೇಡಿ. ಲೈವ್ ಟಿವಿನೇ ಬೇಕಂದ್ರೆ 4ಜಿ ಸ್ಮಾರ್ಟ್‌ಫೋನ್ ನೋಡಿ, ದೂರದರ್ಶನ ನಡೆಸೋ ಪ್ರಸಾರ ಭಾರತಿಯ ವೇವ್ಸ್ ಆ್ಯಪ್ ಹಾಕಿಕೊಳ್ಳಿ.